ತೆರದಿಂದ ವರದಕ್ಷಿಣೆಯವರೆಗೆ

ನಾವೆಲ್ಲರೂ ಕಂಡಿರುವ ದೃಶ್ಯವಿದು. ನಿಕಾಹ್‌ನ ಸಭೆ ಸೇರಿದೆ. ಖಾಝಿಯವರು ವಧೂವರರ ಹೆಸರು, ತಂದೆಯರ ಹೆಸರು, ಸಾಕ್ಷಿಗಳ ಹೆಸರುಗಳನ್ನು ಓದುತ್ತಾರೆ. ವರನು ವಧುವಿಗೆ ಕೊಡುವ ಮಹ್ರ್ ಎಷ್ಟೆಂಬುದನ್ನು ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ. ಅದನ್ನು ದಫ್ತರದಲ್ಲಿ ಬರೆದು ಸಹಿ ಹಾಕಿಸುತ್ತಾರೆ. ದುಆ ಮುಗಿಯುತ್ತದೆ, ಖರ್ಜೂರ ಹಂಚಲಾಗುತ್ತದೆ. ಎಲ್ಲವೂ ಬಹಿರಂಗ, ಎಲ್ಲವೂ ಲಿಖಿತ. ಆದರೆ ಅದೇ ಸಭೆಯಲ್ಲಿ ಕುಳಿತ ಎಷ್ಟೋ ಮಂದಿಗೆ ಇನ್ನೊಂದು ಮೊತ್ತವೂ ಗೊತ್ತಿರುತ್ತದೆ. ಅದನ್ನು ಯಾರೂ ಓದಿ ಹೇಳುವುದಿಲ್ಲ. ಯಾವ ದಫ್ತರದಲ್ಲೂ ಅದಕ್ಕೆ ಜಾಗವಿಲ್ಲ. ಅದು ಮದುವೆಗೆ ಮೊದಲೇ ಹುಡುಗಿಯ ಮನೆಯಿಂದ ಹುಡುಗನ ಮನೆಗೆ ಸದ್ದಿಲ್ಲದೆ ತಲುಪಿರುತ್ತದೆ. ಓದಿ ಹೇಳಿದ ಮೊತ್ತ ಸಾವಿರಗಳಲ್ಲಿದ್ದರೆ ಓದದೆ ಬಿಟ್ಟ ಮೊತ್ತ ಲಕ್ಷಗಳಲ್ಲಿರುತ್ತದೆ.

ಇದು ಮುಸ್ಲಿಮರ ಮನೆಯ ಕಥೆ ಮಾತ್ರವಲ್ಲ. ಧಾರೆಯ ಮಂಟಪವಿರಲಿ, ಇಗರ್ಜಿಯಿರಲಿ, ಒಳಗಿನ ಲೆಕ್ಕ ಹೆಚ್ಚು ಬೇರೆಯಾಗಿರುವುದಿಲ್ಲ. ಯಾಕೆ ಹೀಗೆ ಎಂದು ಕೇಳಿದರೆ ಎಲ್ಲ ಕಡೆಯೂ ಸಿಗುವ ಉತ್ತರ ಒಂದೇ: "ಹಿಂದಿನಿಂದಲೂ ನಡೆದುಕೊಂಡು ಬಂದದ್ದು, ನಾವೇನು ಮಾಡಲಾಗುತ್ತದೆ?"

ಈ 'ಹಿಂದಿನಿಂದಲೂ' ಎಂಬುದು ಎಷ್ಟು ಹಿಂದಿನಿಂದ? ಈ ಪ್ರಶ್ನೆಯನ್ನು ಹಿಡಿದು ಇತಿಹಾಸದೊಳಗೆ ಹೋದರೆ ನಮಗೆ ಅಚ್ಚರಿ ಕಾದಿದೆ. ಮದುವೆಯಲ್ಲಿ ಸಂಪತ್ತು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ಪದ್ಧತಿ ಬಹಳ ಹಳೆಯದು, ನಿಜ. ಆದರೆ ಅದು ಯಾವ ದಿಕ್ಕಿಗೆ ಹರಿಯಬೇಕು, ಕೊನೆಗೆ ಯಾರ ಕೈ ಸೇರಬೇಕು ಎಂಬುದು ಮಾತ್ರ ಎಂದೂ ಸ್ಥಿರವಾಗಿರಲಿಲ್ಲ.

ನಮ್ಮ ಕನ್ನಡದಲ್ಲೇ ಇದಕ್ಕೆ ಸಾಕ್ಷಿಯಿದೆ. ಮದುವೆಯ ಕೊಡುಕೊಳ್ಳುವಿಕೆಗೆ ನಮ್ಮಲ್ಲಿ ಮೂರು ಮಾತುಗಳಿವೆ. ಗಂಡಿನ ಕಡೆಯವರು ಹೆಣ್ಣಿನ ತಂದೆಗೆ ಕೊಡುವುದು 'ತೆರ'. ತವರಿನವರು ಮಗಳ ಜೊತೆ ಪ್ರೀತಿಯಿಂದ ಕಳಿಸುವುದು 'ಬಳುವಳಿ'. ಗಂಡಿನ ಕಡೆಯವರು ಕೇಳಿ ಪಡೆಯುವುದು 'ವರದಕ್ಷಿಣೆ'. ಮೊದಲ ಎರಡು ಅಚ್ಚಗನ್ನಡದ ಮಾತುಗಳು. ಮೂರನೆಯದು ಸಂಸ್ಕೃತದಿಂದ ಬಂದದ್ದು. ತೆರ ಎಂಬ ಮಾತು ಇಂದಿನ ಹುಡುಗರಿಗೆ ಅರ್ಥವಾಗುವುದೇ ಕಷ್ಟ. ಬಳುವಳಿ ಪುಸ್ತಕದಲ್ಲಿ ಉಳಿದಿದೆ. ವರದಕ್ಷಿಣೆಯನ್ನು ಮಾತ್ರ ಯಾರಿಗೂ ವಿವರಿಸಬೇಕಾಗಿಲ್ಲ.

ಬ್ಯಾಬಿಲೋನಿನ ಶಿಲೆ

ಕ್ರಿ.ಪೂ. ಸುಮಾರು 1750ರಲ್ಲಿ ಬ್ಯಾಬಿಲೋನಿನ ದೊರೆ ಹಮ್ಮುರಾಬಿ ತನ್ನ ಕಾನೂನುಗಳನ್ನು ಕರಿಗಲ್ಲಿನ ಮೇಲೆ ಕೆತ್ತಿಸಿದ. 1901ರಲ್ಲಿ ಇರಾನಿನ ಸೂಸಾದಲ್ಲಿ ದೊರೆತ ಆ ಕಲ್ಲು ಈಗ ಪ್ಯಾರಿಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಮದುವೆಯ ಬಗ್ಗೆ ಇರುವಷ್ಟು ವಿವರ ನೋಡಿದರೆ, ನಾಲ್ಕು ಸಾವಿರ ವರ್ಷಗಳ ಹಿಂದೆಯೂ ಬೀಗರ ನಡುವಿನ ತಕರಾರು ಕಡಿಮೆಯಿರಲಿಲ್ಲ ಎಂದು ತಿಳಿಯುತ್ತದೆ.

ಅಲ್ಲಿ ಎರಡು ಬಗೆಯ ಸಂಪತ್ತಿತ್ತು. ಗಂಡಿನ ಕಡೆಯವರು ಹೆಣ್ಣಿನ ತಂದೆಗೆ ಕೊಡುವುದು 'ತೆರ್ಹತು'. ಹೆಣ್ಣು ತವರಿನಿಂದ ತರುವುದು 'ಶೆರಿಕ್ತು'. ಒಪ್ಪಂದವಿಲ್ಲದೆ ಮನೆಗೆ ಕರೆತಂದವಳು ಹೆಂಡತಿಯೇ ಅಲ್ಲ ಎಂದಿತು ಕಾನೂನು. ತೆರ್ಹತು ಕೊಟ್ಟ ಮೇಲೆ ಗಂಡು ಮನಸ್ಸು ಬದಲಿಸಿದರೆ ಕೊಟ್ಟದ್ದು ಹೋಯಿತು. ಹೆಣ್ಣಿನ ತಂದೆ ಮಾತು ತಪ್ಪಿದರೆ ಎರಡರಷ್ಟು ಹಿಂದಿರುಗಿಸಬೇಕು. ಮಕ್ಕಳಿಲ್ಲದ ಹೆಂಡತಿಯನ್ನು ಬಿಡುವವನು ತೆರ್ಹತುವಿನಷ್ಟು ಬೆಳ್ಳಿಯನ್ನೂ ಅವಳು ತವರಿನಿಂದ ತಂದದ್ದನ್ನೂ ಕೊಟ್ಟು ಕಳಿಸಬೇಕು. ತಾಯಿ ಸತ್ತರೆ ಅವಳು ತಂದದ್ದು ಅವಳ ಮಕ್ಕಳಿಗೆ. ಮಕ್ಕಳಿಲ್ಲದೆ ಸತ್ತರೆ ತವರಿಗೆ ವಾಪಸು. ಗಂಡ ಅದನ್ನು ನೋಡಿಕೊಳ್ಳಬಹುದಿತ್ತು, ನುಂಗುವಂತಿರಲಿಲ್ಲ. ತವರಿನಿಂದ ಬಂದದ್ದು ಹೆಣ್ಣಿನದು ಎಂಬ ತಿಳಿವಳಿಕೆ ಅಷ್ಟು ಹಿಂದೆಯೇ ಕಾನೂನಾಗಿತ್ತು.

ಗ್ರೀಕರಲ್ಲಿ ತಿರುಗಿದ ದಿಕ್ಕು

ಹೋಮರನ ಕಾವ್ಯಗಳ ಲೋಕದಲ್ಲಿ ಹೆಣ್ಣು ಕೇಳಲು ಬರುವವರು ದನಗಳ ಹಿಂಡನ್ನೂ ಕಾಣಿಕೆಗಳನ್ನೂ ಹೊಡೆದುಕೊಂಡು ಬರುತ್ತಾರೆ. ಆದರೆ ಕ್ರಿ.ಪೂ. 5ನೇ ಶತಮಾನದ ಅಥೆನ್ಸ್ ನಗರಕ್ಕೆ ಬಂದರೆ ಚಿತ್ರ ತಲೆಕೆಳಗಾಗಿದೆ. ಅಲ್ಲಿ ಕೊಡುವವನು ಹೆಣ್ಣಿನ ತಂದೆ. ಇದು ಅತಿಯಾಗುತ್ತಿದ್ದುದರಿಂದಲೋ ಏನೋ, ವಧು ಮೂರು ಜೊತೆ ಬಟ್ಟೆ ಮತ್ತು ಸಣ್ಣಪುಟ್ಟ ಪಾತ್ರೆಪಗಡಕ್ಕಿಂತ ಹೆಚ್ಚು ತರಬಾರದೆಂದು ಶಾಸನಕರ್ತ ಸೋಲನ್ ಅದಕ್ಕೂ ಹಿಂದೆಯೇ ನಿಯಮ ಮಾಡಿದ್ದನೆಂದು ಪ್ಲುಟಾರ್ಕ್ ಬರೆದಿದ್ದಾನೆ. ನಿಯಮ ನಿಲ್ಲಲಿಲ್ಲ, ವರದಕ್ಷಿಣೆ ನಿಂತಿತು.

ಆದರೂ ಅಥೆನ್ಸ್ ಒಂದು ಭದ್ರತೆಯನ್ನು ಇಟ್ಟಿತ್ತು. ಹೆಂಡತಿಯನ್ನು ಬಿಟ್ಟವನು ವರದಕ್ಷಿಣೆಯನ್ನು ಪೂರ್ತಿ ಹಿಂದಿರುಗಿಸಬೇಕು. ತಡಮಾಡಿದರೆ ವರ್ಷಕ್ಕೆ ನೂರಕ್ಕೆ 18ರಂತೆ ಬಡ್ಡಿ ಕಟ್ಟಬೇಕು. ಆದರೆ ಹಿಂದಿರುಗುತ್ತಿದ್ದುದು ಅವಳ ಕೈಗಲ್ಲ, ಅವಳ ತಂದೆ ಅಥವಾ ಪೋಷಕನ ಕೈಗೆ. ಅಥೆನ್ಸಿನ ಹೆಣ್ಣುಮಗಳು ಒಂದು ಅಳತೆ ಬಾರ್ಲಿಯ ಬೆಲೆಗಿಂತ ದೊಡ್ಡ ವ್ಯವಹಾರವನ್ನು ಸ್ವತಃ ಮಾಡುವಂತಿರಲಿಲ್ಲ. ಸಂಪತ್ತು ಅವಳ ಹೆಸರಿನಲ್ಲಿ ಮನೆಯಿಂದ ಮನೆಗೆ ಹೋಗುತ್ತಿತ್ತು. ಅವಳು ಅದರ ಹೊರೆ ಹೊತ್ತವಳು ಅಷ್ಟೆ.

ರೋಮನರಲ್ಲೂ ಹೆಣ್ಣಿನ ಕಡೆಯವರೇ ಕೊಡುತ್ತಿದ್ದರು. ಹೆಂಡತಿಯೊಂದಿಗೆ ಬಂದ ಇಟಲಿಯ ಭೂಮಿಯನ್ನು ಅವಳ ಒಪ್ಪಿಗೆಯಿಲ್ಲದೆ ಗಂಡ ಮಾರುವಂತಿಲ್ಲ ಎಂದು ಕ್ರಿ.ಪೂ. 18ರ ಸುಮಾರಿಗೆ ಅಗಸ್ಟಸ್ ಚಕ್ರವರ್ತಿ ಕಾನೂನು ಮಾಡಬೇಕಾಯಿತು. ಅಂತಹ ರೋಮಿನ ಇತಿಹಾಸಕಾರ ಟ್ಯಾಸಿಟಸ್ ಕ್ರಿ.ಶ. 98ರಲ್ಲಿ ಜರ್ಮಾನಿಕ್ ಬುಡಕಟ್ಟುಗಳ ಬಗ್ಗೆ ಬರೆಯುವಾಗ, ಅಲ್ಲಿ ಗಂಡನೇ ಹೆಂಡತಿಗೆ ಎತ್ತು, ಕುದುರೆ, ಗುರಾಣಿ, ಈಟಿ, ಕತ್ತಿಗಳನ್ನು ಕೊಡುತ್ತಾನೆಂದು ಬೆರಗಿನಿಂದ ದಾಖಲಿಸಿದ್ದಾನೆ. ತನ್ನ ಊರಿನ ರೂಢಿಯೇ ಲೋಕದ ರೂಢಿ ಎಂದು ನಂಬಿದವರಿಗೆ ಪಕ್ಕದ ಊರು ಎಂದೂ ವಿಚಿತ್ರವಾಗಿಯೇ ಕಾಣುತ್ತದೆ.

ಅರಬ್ ನಾಡಿನ ಬದಲಾವಣೆ

ಇಸ್ಲಾಮಿಗೆ ಮೊದಲಿನ ಅರಬ್ ನಾಡಿನಲ್ಲೂ ವರನ ಕಡೆಯಿಂದ ಮಹ್ರ್ ಕೊಡುವ ಪದ್ಧತಿಯಿತ್ತು. ಆದರೆ ಸಾಮಾನ್ಯವಾಗಿ ಅದು ಸೇರುತ್ತಿದ್ದುದು ಹೆಣ್ಣಿನ ತಂದೆ ಅಥವಾ ಪೋಷಕನ ಕೈಗೆ. ಏಳನೇ ಶತಮಾನದಲ್ಲಿ ಕುರ್‌ಆನ್ ಈ ಪದ್ಧತಿಯನ್ನು ತೆಗೆದುಹಾಕಲಿಲ್ಲ. ಅದು ಸೇರುವ ಕೈಯನ್ನು ಬದಲಿಸಿತು. 'ಅನ್ನಿಸಾ' ಅಧ್ಯಾಯದ ನಾಲ್ಕನೇ ವಚನದಲ್ಲಿ ಮಹ್ರನ್ನು ಸ್ತ್ರೀಯರಿಗೇ, ಅದೂ ಮನಃಪೂರ್ವಕವಾದ ಕೊಡುಗೆಯಾಗಿ ಕೊಡಬೇಕೆಂಬ ಆದೇಶವಿದೆ. ಒಮ್ಮೆ ಕೊಟ್ಟದ್ದು ದೊಡ್ಡ ರಾಶಿಯೇ ಆಗಿದ್ದರೂ ಹಿಂದಕ್ಕೆ ಕಿತ್ತುಕೊಳ್ಳಬಾರದೆಂದು ಅದೇ ಅಧ್ಯಾಯ ಮುಂದೆ ಎಚ್ಚರಿಸುತ್ತದೆ. ತೆರವು ಹೆಣ್ಣಿನ ಬೆಲೆಯಾಗಿತ್ತು. ಮಹ್ರ್ ಹೆಣ್ಣಿನ ಹಕ್ಕಾಯಿತು. ಹಣವೂ ಅದೇ, ಕೊಡುವವನೂ ಅವನೇ. ಪಡೆಯುವ ಕೈ ಬದಲಾದಾಗ ಅದರ ಅರ್ಥವೇ ಬದಲಾಯಿತು.

ಮಹ್ರ್ ಎಷ್ಟಿರಬೇಕೆಂಬುದಕ್ಕೆ ಮೇಲ್ಮಿತಿಯಿರಲಿಲ್ಲ. ಏನೂ ಇಲ್ಲದ ಬಡವನಿಗೆ ಪ್ರವಾದಿ ಮುಹಮ್ಮದ್(ಸ) ಒಂದು ಕಬ್ಬಿಣದ ಉಂಗುರವನ್ನಾದರೂ ಹುಡುಕಿ ತರಲು ಹೇಳಿದ್ದು, ಅದೂ ಸಿಗದಾಗ ಅವನಿಗೆ ಗೊತ್ತಿದ್ದ ಕುರ್‌ಆನ್ ಅಧ್ಯಾಯಗಳನ್ನೇ ಮಹ್ರ್ ಎಂದು ಒಪ್ಪಿದ್ದು ಹದೀಸ್ ಗ್ರಂಥಗಳಲ್ಲಿದೆ. ಖಲೀಫ ಉಮರ್(ರ) ಮಹ್ರಿಗೆ ಮಿತಿ ಹಾಕಲು ಹೊರಟಾಗ ಒಬ್ಬ ಮಹಿಳೆ ಎದ್ದು ನಿಂತು, ಅಲ್ಲಾಹನು ಕೊಟ್ಟದ್ದನ್ನು ಕಿತ್ತುಕೊಳ್ಳಲು ನೀವು ಯಾರು ಎಂಬರ್ಥದಲ್ಲಿ ಪ್ರಶ್ನಿಸಿದ, ಅವರು ತಮ್ಮ ಮಾತನ್ನು ಹಿಂತೆಗೆದುಕೊಂಡ ಪ್ರಸಂಗವನ್ನು ನಮ್ಮ ಹಿರಿಯರು ಇಂದಿಗೂ ಹೇಳುತ್ತಾರೆ. ಈ ಪ್ರಸಂಗವನ್ನು ವೇದಿಕೆಗಳಲ್ಲಿ ಹೇಳುವವರಿಗೆ ಕೊರತೆಯಿಲ್ಲ. ತಮ್ಮ ಮಗನ ಮದುವೆ ಮಾತುಕತೆಯಲ್ಲಿ ನೆನಪಿಸಿಕೊಳ್ಳುವವರು ಎಷ್ಟು ಮಂದಿ?

ಕಲ್ಯಾಣದ ಶಾಸ್ತ್ರಕಾರ

ಇತ್ತ ಭಾರತದಲ್ಲಿ ಮನುಸ್ಮೃತಿ ಎಂಟು ಬಗೆಯ ವಿವಾಹಗಳನ್ನು ಹೆಸರಿಸುತ್ತದೆ. ವಧುವಿಗೂ ಅವಳ ಬಂಧುಗಳಿಗೂ ಧನ ಕೊಟ್ಟು ಮಾಡಿಕೊಳ್ಳುವ ಮದುವೆ 'ಆಸುರ'. ತಂದೆ ಮಗಳಿಗಾಗಿ ಶುಲ್ಕ ಪಡೆಯುವುದನ್ನು ಅದು ಖಂಡಿಸುತ್ತದೆ. ಖಂಡಿಸಬೇಕಾಯಿತು ಎಂದರೆ ಪದ್ಧತಿ ಚಾಲ್ತಿಯಲ್ಲಿತ್ತೆಂದೇ ಅರ್ಥ. ಜೊತೆಗೆ 'ಸ್ತ್ರೀಧನ' ಎಂಬ ಕಲ್ಪನೆಯೂ ಇತ್ತು. ಮದುವೆಯ ಸಮಯದಲ್ಲಿ ದೊರೆತದ್ದು, ತಂದೆ ತಾಯಿ ಅಣ್ಣತಮ್ಮಂದಿರು ಕೊಟ್ಟದ್ದು, ಗಂಡ ಪ್ರೀತಿಯಿಂದ ಕೊಟ್ಟದ್ದು ಹೆಣ್ಣಿನ ಸ್ವಂತದ್ದು.

ಈ ಸ್ತ್ರೀಧನಕ್ಕೆ ಅತ್ಯಂತ ವಿಶಾಲವಾದ ಅರ್ಥ ಕೊಟ್ಟವರಲ್ಲಿ ನಮ್ಮ ನಾಡಿನವನೇ ಒಬ್ಬನಿದ್ದಾನೆ ಎಂಬುದು ಹೆಮ್ಮೆಯ ಸಂಗತಿ. ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ, ಕ್ರಿ.ಶ. 1100ರ ಆಸುಪಾಸಿನಲ್ಲಿ 'ಮಿತಾಕ್ಷರ'ವನ್ನು ಬರೆದ. ಹೆಣ್ಣಿಗೆ ಉತ್ತರಾಧಿಕಾರದಿಂದ, ಖರೀದಿಯಿಂದ, ಪಾಲಿನಿಂದ ಬಂದ ಆಸ್ತಿಯೂ ಸ್ತ್ರೀಧನವೇ ಎಂದು ಆತ ವ್ಯಾಖ್ಯಾನಿಸಿದ. ಎಂಟು ಶತಮಾನಗಳ ಬಳಿಕ ಬ್ರಿಟಿಷರ ಪ್ರಿವಿ ಕೌನ್ಸಿಲ್ ಇದನ್ನು ಒಪ್ಪದೆ, ಉತ್ತರಾಧಿಕಾರದಿಂದ ಬಂದದ್ದರ ಮೇಲೆ ಹೆಣ್ಣಿಗೆ ಸೀಮಿತ ಹಕ್ಕು ಮಾತ್ರ ಎಂದು ತೀರ್ಪು ಕೊಟ್ಟಿತು. ಬಸವಕಲ್ಯಾಣದ ಪಂಡಿತ ಕೊಟ್ಟದ್ದನ್ನು ಲಂಡನ್ನಿನ ನ್ಯಾಯಾಧೀಶರು ಕಡಿಮೆ ಮಾಡಿದರು. ಹಳೆಯದೆಲ್ಲ ಹಿಂದುಳಿದದ್ದು, ಆಧುನಿಕವಾದದ್ದೆಲ್ಲ ಮುಂದುವರಿದದ್ದು ಎಂಬ ಲೆಕ್ಕ ಇಲ್ಲಿ ಕೂಡಿಬರುವುದಿಲ್ಲ.

ಒಂದೇ ಕಾಲ, ಎರಡು ಊರು

ನಮ್ಮ ಇಡೀ ಚರ್ಚೆಯನ್ನು ಒಂದೇ ಚಿತ್ರದಲ್ಲಿ ತೋರಿಸುವ ಕಾಕತಾಳೀಯ ಇತಿಹಾಸದಲ್ಲಿದೆ.

ವೆಲ್ಲೂರಿನ ಸಮೀಪ ಪಾಲಾರ್ ನದಿಯ ದಡದಲ್ಲಿ ವಿರಿಂಚಿಪುರಂ ಎಂಬ ಊರಿದೆ. ಅಲ್ಲಿನ ದೇವಾಲಯದಲ್ಲಿ ವಿಜಯನಗರದ ಎರಡನೇ ದೇವರಾಯನ ಕಾಲದ ತಮಿಳು ಶಾಸನವೊಂದಿದೆ. ಶಕ ವರ್ಷ 1347, ಅಂದರೆ ಕ್ರಿ.ಶ. 1425-26. ಪಡೈವೀಡು ರಾಜ್ಯದ ಬ್ರಾಹ್ಮಣರು, ಅವರಲ್ಲಿ ಕನ್ನಡಿಗರು, ತಮಿಳರು, ತೆಲುಗರು, ಲಾಟರು ಎಲ್ಲರೂ ಸೇರಿ ಒಂದು ಕರಾರು ಮಾಡಿಕೊಂಡರು. ಇನ್ನು ಮುಂದೆ ಮದುವೆ ಕನ್ಯಾದಾನವಾಗಿಯೇ ನಡೆಯಬೇಕು. ಮಗಳನ್ನು ಕೊಡಲು ಹೊನ್ನು ತೆಗೆದುಕೊಂಡವನೂ ಹೊನ್ನು ಕೊಟ್ಟು ಮದುವೆಯಾದವನೂ ರಾಜದಂಡನೆಗೆ ಗುರಿ. ಅಂಥವರನ್ನು ಬ್ರಾಹ್ಮಣ್ಯದಿಂದಲೇ ಹೊರಹಾಕಬೇಕು. ಆರು ಶತಮಾನಗಳ ಹಿಂದೆ ಈ ಸೀಮೆಯಲ್ಲಿ ಹೆಣ್ಣು ಸಿಗಬೇಕಾದರೆ ಗಂಡು ಹೊನ್ನು ಕೊಡಬೇಕಾಗಿತ್ತು. ಅದು ಎಷ್ಟು ಬೆಳೆದಿತ್ತೆಂದರೆ ಅದನ್ನು ತಡೆಯಲು ಕಲ್ಲಿನಲ್ಲಿ ಬರೆಸಬೇಕಾಯಿತು.

ಸರಿಯಾಗಿ ಅದೇ 1425ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದ ಸರ್ಕಾರ 'ಮೋಂತೆ ದೆಲ್ಲೆ ದೋತಿ' ಎಂಬ ನಿಧಿಯನ್ನು ಆರಂಭಿಸಿತು. ಅದು ವರದಕ್ಷಿಣೆಯ ನಿಧಿ. ಮಗಳು ಪುಟ್ಟವಳಿರುವಾಗಲೇ ತಂದೆ ಅಲ್ಲಿ ಠೇವಣಿ ಇಡಬೇಕು. ಏಳೂವರೆ ಅಥವಾ ಹದಿನೈದು ವರ್ಷಗಳ ಅವಧಿ ಮುಗಿದು ಅವಳಿಗೆ ಮದುವೆಯಾದಾಗ ಬೆಳೆದ ಮೊತ್ತ ಅಳಿಯನ ಕೈ ಸೇರುತ್ತದೆ. ಯುದ್ಧದ ಸಾಲದಲ್ಲಿ ಮುಳುಗಿದ್ದ ಸರ್ಕಾರಕ್ಕೂ ಇದರಿಂದ ಹಣ ಸಿಗುತ್ತಿತ್ತು. ಹೆಣ್ಣುಮಕ್ಕಳ ತಂದೆಯರ ಹೆದರಿಕೆಯೇ ಒಂದು ರಾಜ್ಯದ ಬಂಡವಾಳವಾಯಿತು.

ವಿರಿಂಚಿಪುರದಲ್ಲಿ ಹೊನ್ನು ಪಡೆಯುವ ಮಾವನ ಮೇಲೆ ದಂಡನೆ. ಫ್ಲಾರೆನ್ಸಿನಲ್ಲಿ ಹಣ ಪಡೆಯುವ ಅಳಿಯನಿಗೆ ಸರ್ಕಾರದ ಖಜಾನೆಯಿಂದಲೇ ಪಾವತಿ. ಎರಡೂ ಊರಿನವರು ತಮ್ಮ ಕಷ್ಟ ಅನಾದಿಯಿಂದ ಬಂದದ್ದೆಂದು ಭಾವಿಸಿದ್ದರೆ ಆಶ್ಚರ್ಯವಿಲ್ಲ.

ಇಟಲಿಯ ಕಥೆಗೆ ಇನ್ನೊಂದು ಮುಖವಿದೆ. ವೆನಿಸ್ ನಗರದ ಸೆನೆಟ್ 1420ರಲ್ಲೇ ವರದಕ್ಷಿಣೆ 1,600 ಡುಕಾಟ್ ಮೀರಬಾರದೆಂದು ನಿಯಮ ಮಾಡಿತ್ತು. ಯಾರೂ ಲೆಕ್ಕಿಸಲಿಲ್ಲ. ದರ ಏರುತ್ತಲೇ ಹೋದಾಗ ಶ್ರೀಮಂತ ಮನೆತನಗಳು ಒಬ್ಬ ಮಗಳಿಗೆ ಮಾತ್ರ ಮದುವೆ ಮಾಡಿ ಉಳಿದವರನ್ನು ಸನ್ಯಾಸಿನಿಯರ ಮಠಕ್ಕೆ ಸೇರಿಸತೊಡಗಿದವು. ಮಠಕ್ಕೆ ಕೊಡಬೇಕಾದ ಹಣ ಅಳಿಯನಿಗೆ ಕೊಡಬೇಕಾದುದಕ್ಕಿಂತ ಕಡಿಮೆಯಿತ್ತು. ಹಾಗೆ ಹದಿಹರೆಯದಲ್ಲೇ ಮಠ ಸೇರಿದವಳು ವೆನಿಸ್ಸಿನ ಆರ್ಕಾಂಜೆಲಾ ತಾರಾಬೋತ್ತಿ (1604-1652). ಮನಸ್ಸಿಲ್ಲದ ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಗೋಡೆಯೊಳಗೆ ಹೂಳುವ ತಂದೆಯರ ದಬ್ಬಾಳಿಕೆಯ ಬಗ್ಗೆ ಅವಳು ಒಳಗಿನಿಂದಲೇ ಪುಸ್ತಕ ಬರೆದಳು. ಅವಳು ಸತ್ತ ಎರಡು ವರ್ಷಗಳ ನಂತರ, 1654ರಲ್ಲಿ ಅದು ಅಚ್ಚಾಯಿತು. ಚರ್ಚ್ ಅದನ್ನು ನಿಷೇಧಿತ ಪುಸ್ತಕಗಳ ಪಟ್ಟಿಗೆ ಸೇರಿಸಿತು. ವರದಕ್ಷಿಣೆಯ ಲೆಕ್ಕದಲ್ಲಿ ಮದುವೆಯಾದವರ ಸಂಖ್ಯೆ ಮಾತ್ರ ಕಾಣುತ್ತದೆ. ಮದುವೆಯಾಗದೆ ಉಳಿದವರ ಬದುಕನ್ನು ಲೆಕ್ಕಕ್ಕೆ ತಂದವಳು ಅವಳು.

ಸೂರತ್ತಿನ ನಿಕಾಹ್‌ನಾಮೆಗಳು

ಹದಿನೇಳನೇ ಶತಮಾನದ ಸೂರತ್ ಬಂದರಿನ ಕೆಲವು ಮುಸ್ಲಿಂ ವಿವಾಹ ಪತ್ರಗಳು ಇಂದಿಗೂ ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಇತಿಹಾಸಕಾರ್ತಿ ಶಿರೀನ್ ಮೂಸ್ವಿ ಅವುಗಳನ್ನು ಅಧ್ಯಯನ ಮಾಡಿದ್ದಾರೆ. ಅವು ಅರಮನೆಯವರ ಪತ್ರಗಳಲ್ಲ, ಬಹುಪಾಲು ಮಧ್ಯಮ ವರ್ಗದ ಮನೆಗಳವು. ಮಹ್ರ್ ಎಷ್ಟೆಂದು ನಾಣ್ಯದ ಲೆಕ್ಕದಲ್ಲಿ ಬರೆದಿದೆ. ಅದರ ಜೊತೆಗೆ ಗಂಡ ಒಪ್ಪಿಕೊಂಡ ಷರತ್ತುಗಳೂ ಇವೆ. ಈ ಹೆಂಡತಿಯಿರುವಾಗ ಇನ್ನೊಂದು ಮದುವೆಯಾಗುವುದಿಲ್ಲ. ಅವಳನ್ನು ಹೊಡೆಯುವುದಿಲ್ಲ. ಜೀವನಾಂಶಕ್ಕೆ ದಾರಿ ಮಾಡದೆ ಗೊತ್ತುಪಡಿಸಿದ ಅವಧಿಗಿಂತ ಹೆಚ್ಚು ದೂರವಿರುವುದಿಲ್ಲ. ದಾಸಿಯನ್ನು ಇಟ್ಟುಕೊಳ್ಳುವುದಿಲ್ಲ. ಷರತ್ತು ಮುರಿದರೆ ಮದುವೆಯಿಂದ ಬಿಡುಗಡೆಗೆ ಅವಳಿಗೆ ದಾರಿಯಿತ್ತು.

ನಾನ್ನೂರು ವರ್ಷಗಳ ಹಿಂದೆ ನಮ್ಮ ದೇಶದ ಮುಸ್ಲಿಂ ಹೆಣ್ಣುಮಗಳು ನಿಕಾಹ್‌ನಾಮೆಯನ್ನು ತನ್ನ ರಕ್ಷಣೆಯ ಪತ್ರವಾಗಿ ಬಳಸಿಕೊಂಡಿದ್ದಳು. ಇಂದು ಅದೇ ಪತ್ರದಲ್ಲಿ ಖಾಲಿ ಜಾಗ ತುಂಬುವ ಹೊತ್ತಿಗೆ ವಧುವಿಗೆ ತೋರಿಸಿ ಕೇಳುವ ಮನೆಗಳು ಎಷ್ಟಿವೆ ಎಂದು ನಾವೇ ಕೇಳಿಕೊಳ್ಳಬೇಕು.

ಮಹ್ರೂ ಎಲ್ಲ ಕಡೆ ಸರಿಯಾದ ಹಾದಿಯಲ್ಲೇ ನಡೆಯಿತೆಂದು ಹೇಳಲಾಗದು. ಅವಧದ ಪ್ರತಿಷ್ಠಿತ ಮನೆತನಗಳು ಯಾರೂ ಕೊಡಲಾಗದಷ್ಟು ದೊಡ್ಡ ಮೊತ್ತವನ್ನು ಹೆಸರಿಗಾಗಿ ಬರೆಸುತ್ತಿದ್ದವು. ಕೊನೆಗೆ 1876ರ ಅವಧ್ ಕಾನೂನು, ಅತಿಯಾದ ಮಹ್ರನ್ನು ಇಳಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿತು. ನಮ್ಮ ಕಾಲದಲ್ಲಿ ಗಲ್ಫ್‌ನ ಯುವಕರು ಮದುವೆಯ ಖರ್ಚಿಗೆ ಹೆದರಿ ಹಿಂಜರಿದಾಗ ಸಂಯುಕ್ತ ಅರಬ್ ಎಮಿರೇಟ್ಸ್ 1992ರಲ್ಲಿ ವಿವಾಹ ನಿಧಿಯನ್ನೇ ಸ್ಥಾಪಿಸಬೇಕಾಯಿತು. ಒಂದು ಕಡೆ ಪ್ರದರ್ಶನಕ್ಕಾಗಿ ಕೋಟೆಯಷ್ಟು ಮಹ್ರ್, ಇನ್ನೊಂದು ಕಡೆ ನಾಮಮಾತ್ರದ ಮಹ್ರ್. ಎರಡರಲ್ಲೂ ಹೆಣ್ಣಿನ ಕೈ ಖಾಲಿ.

ತೆರ ಹೋಗಿ ವರದಕ್ಷಿಣೆ ಬಂದದ್ದು

ನಮ್ಮ ನಾಡಿನಲ್ಲಿ ದಿಕ್ಕು ಬದಲಾದದ್ದು ತೀರ ಇತ್ತೀಚೆಗೆ. 1887ರಲ್ಲಿ ಸೂರಿ ವೆಂಕಟರಮಣ ಶಾಸ್ತ್ರಿಗಳು 'ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ'ವನ್ನು ಬರೆದರು. ಹೊಸಗನ್ನಡದ ಮೊದಲ ಸಾಮಾಜಿಕ ನಾಟಕವೆಂದು ಅದನ್ನು ಗುರುತಿಸುತ್ತಾರೆ. ಅದರ ವಸ್ತು ವರದಕ್ಷಿಣೆಯಲ್ಲ, ಕನ್ಯಾವಿಕ್ರಯ! ಉತ್ತರ ಕನ್ನಡದ ಹವ್ಯಕರಲ್ಲಿ ಹಣ ಪಡೆದು ಹೆಣ್ಣು ಕೊಡುವ ರೂಢಿಯ ದುಷ್ಪರಿಣಾಮವನ್ನು ಅದು ತೋರಿಸಿತು. ತೆಲುಗಿನ ಗುರಜಾಡ ಅಪ್ಪಾರಾವ್ ಅವರ 'ಕನ್ಯಾಶುಲ್ಕಂ' 1892ರಲ್ಲಿ ರಂಗಕ್ಕೆ ಬಂತು. ಅದೂ ಇದೇ ಪಿಡುಗಿನ ಮೇಲೆ. ಆದರೆ ಅದೇ ದಶಕದಲ್ಲಿ, 1891ರಲ್ಲಿ, ಬಂಗಾಳದ ರವೀಂದ್ರನಾಥ ಟ್ಯಾಗೋರರು ಬರೆದ 'ದೇನಾ ಪಾವನಾ' ಕಥೆಯಲ್ಲಿ ನರಳುವವನು ವರದಕ್ಷಿಣೆ ಪೂರೈಸಲಾಗದ ತಂದೆ, ಪ್ರಾಣ ಬಿಡುವವಳು ಮಗಳು. 1914ರಲ್ಲಿ ಕಲ್ಕತ್ತಾದ ಸ್ನೇಹಲತಾ ಎಂಬ ಹುಡುಗಿ, ತನ್ನ ಮದುವೆಗಾಗಿ ತಂದೆ ಮನೆಯನ್ನೇ ಅಡವಿಡಲು ಹೊರಟದ್ದನ್ನು ಕಂಡು ಬೆಂಕಿ ಹಚ್ಚಿಕೊಂಡಳು. ದೇಶದ ಒಂದು ಮೂಲೆಯಲ್ಲಿ ಹೆಣ್ಣಿಗೆ ಬೆಲೆ, ಇನ್ನೊಂದು ಮೂಲೆಯಲ್ಲಿ ಗಂಡಿಗೆ ಬೆಲೆ.

ತೆರದ ಕಾಲವೇ ಚೆನ್ನಾಗಿತ್ತೆಂದು ನಾವು ಹೇಳುತ್ತಿಲ್ಲ. ಹಣವುಳ್ಳ ಮುದುಕನಿಗೆ ಎಳೆಯ ಹುಡುಗಿಯನ್ನು ಕಟ್ಟಿದ ತಂದೆಯರ ಕಾಲವೂ ಅದೇ. ಆದರೆ ಹೊಲದಲ್ಲಿ ದುಡಿಯುವ ಜಾತಿಗಳಲ್ಲಿ ತೆರದ ಹಿಂದೆ ಒಂದು ತಿಳಿವಳಿಕೆಯಿತ್ತು. ಮಗಳು ಹೋದರೆ ಮನೆಯಿಂದ ಎರಡು ದುಡಿಯುವ ಕೈ ಹೋಗುತ್ತದೆ, ಅದಕ್ಕೆ ಏನಾದರೂ ಕೊಡಬೇಕು ಎಂಬುದು. ಹೆಣ್ಣು ಹೊರೆಯೆಂಬ ಮಾತು ಅಲ್ಲಿರಲಿಲ್ಲ.

ಬದಲಾವಣೆ ಹೇಗಾಯಿತು? ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1942ರಲ್ಲಿ ಪ್ರಕಟಿಸಿದ, ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬ ಕುರಿತ ತಮ್ಮ ಮೊದಲ ಪುಸ್ತಕದಲ್ಲಿ ಇದನ್ನು ಗಮನಿಸಿದ್ದರು. ಬ್ರಾಹ್ಮಣೇತರ ಜಾತಿಗಳಲ್ಲಿ ತೆರ ರೂಢಿಯಲ್ಲಿದ್ದಾಗಲೇ ಇಂಗ್ಲಿಷ್ ಓದಿದ ಬ್ರಾಹ್ಮಣ ವರನಿಗೆ ದಕ್ಷಿಣೆ ಏರತೊಡಗಿತ್ತು. ಮುಂದೆ 1980ರ ದಶಕದಲ್ಲಿ ಅವರು ಇನ್ನೂ ಖಚಿತವಾಗಿ ಹೇಳಿದರು: ಇಂದಿನ ವರದಕ್ಷಿಣೆಯನ್ನು ಹಳೆಯ ಸ್ತ್ರೀಧನದ ಮುಂದುವರಿಕೆ ಎನ್ನುವುದು ತಪ್ಪು. ಅದು ಹೊಸ ಕಾಲದ ಸೃಷ್ಟಿ. ಪದವಿ ಮತ್ತು ಸಂಬಳದ ನೌಕರಿ ಇದ್ದ ಗಂಡುಗಳು ಕಡಿಮೆ, ಅವರನ್ನು ಬಯಸುವ ಹೆಣ್ಣಿನ ಮನೆಗಳು ಹೆಚ್ಚು. ಕೈಗೆ ನಗದು ಬಂದಂತೆ ದರ ಏರಿತು. ಮೇಲಿನವರು ಮಾಡಿದ್ದನ್ನು ಅನುಸರಿಸಿದರೆ ಗೌರವ ಎಂದು ಉಳಿದ ಜಾತಿಗಳು ತೆರವನ್ನು ಬಿಟ್ಟು ವರದಕ್ಷಿಣೆಗೆ ಬಂದವು. ಸ್ಥಿತಿ ಸುಧಾರಿಸಿದ ಮನೆಗಳು ಹೆಣ್ಣನ್ನು ಹೊಲದ ಕೆಲಸದಿಂದ ಬಿಡಿಸಿದವು. ದುಡಿಮೆಯಿಂದ ದೂರವಾದ ಹೆಣ್ಣು 'ಹೊರೆ'ಯಾದಳು. ಆಸ್ತಿಯ ಹಕ್ಕು ಹೆಣ್ಣಿನ ಮೂಲಕವೇ ಸಾಗುತ್ತಿದ್ದ ತುಳುನಾಡಿನ ಅಳಿಯಸಂತಾನದ ಮನೆಗಳಿಗೂ ಈ ಹೊಸ ರೂಢಿ ಕಾಲಿಟ್ಟಿತು.

ಮುಸ್ಲಿಂ ಮನೆಗಳಿಗೆ ಅದು ಬಂದದ್ದೂ ಇದೇ ಬಾಗಿಲಿನಿಂದ. ಉರ್ದು ಮಾತನಾಡುವವರಲ್ಲಿ ಜೋಡೆ ಕಿ ರಕಂ, ಜಹೇಜ್ ಎಂದು ಹೆಸರು ಬದಲಾಯಿತು, ಒಳಗಿನ ಸರಕು ಬದಲಾಗಲಿಲ್ಲ. ಜಹೇಜಿಗೆ ಕೆಲವರು ಪ್ರವಾದಿ(ಸ)ಯವರ ಮಗಳು ಫಾತಿಮಾ(ರ) ಅವರ ಮದುವೆಯ ಉದಾಹರಣೆ ಕೊಡುತ್ತಾರೆ. ಒಂದು ಹೊದಿಕೆ, ಒಂದು ನೀರಿನ ಚೀಲ, ಹುಲ್ಲು ತುಂಬಿದ ಒಂದು ದಿಂಬು, ಇಷ್ಟರ ಉಲ್ಲೇಖ ಹದೀಸಿನಲ್ಲಿದೆ. ಆದರೆ ಅದೇ ಮದುವೆಯಲ್ಲಿ ಅಲಿ(ರ) ತಮ್ಮ ಬಳಿಯಿದ್ದ ಯುದ್ಧಕವಚವನ್ನೇ ಮಹ್ರಾಗಿ ಕೊಟ್ಟದ್ದನ್ನು ಅವರು ಹೇಳುವುದಿಲ್ಲ. ನೀರಿನ ಚೀಲದಿಂದ ಕಾರಿನ ಕೀಲಿಕೈಯವರೆಗೆ ಬಂದವರು ಕವಚದ ಕಥೆಯನ್ನು ದಾರಿಯಲ್ಲೇ ಬಿಟ್ಟುಬಂದರು.

ಕಾನೂನು ಮತ್ತು ಬದುಕು

1961ರ ಮೇ ತಿಂಗಳಲ್ಲಿ ಲೋಕಸಭೆ ಮತ್ತು ರಾಜ್ಯಸಭೆಗಳ ಜಂಟಿ ಅಧಿವೇಶನ ನಡೆಯಿತು. ಸ್ವತಂತ್ರ ಭಾರತದ ಮೊದಲ ಜಂಟಿ ಅಧಿವೇಶನ ಅದು. ಉಭಯ ಸದನಗಳ ನಡುವೆ ಒಮ್ಮತ ಮೂಡದಿದ್ದ ಆ ಮಸೂದೆ ವರದಕ್ಷಿಣೆ ನಿಷೇಧದ್ದು. ಅದೇ ವರ್ಷ ಜುಲೈ 1ರಿಂದ ಕಾನೂನು ಜಾರಿಗೆ ಬಂತು. ಮಹ್ರ್ ವರದಕ್ಷಿಣೆಯಲ್ಲ ಎಂದು ಆ ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ಯಾರಾದರೂ ವರದಕ್ಷಿಣೆ ಪಡೆದಿದ್ದರೆ ಅದನ್ನು ಹೆಣ್ಣಿಗೇ ವರ್ಗಾಯಿಸಬೇಕೆಂದೂ ಹೇಳುತ್ತದೆ. 1980ರ ದಶಕದಲ್ಲಿ ಅದು ಬಿಗಿಯಾಯಿತು, ಕ್ರೌರ್ಯಕ್ಕೂ ವರದಕ್ಷಿಣೆ ಸಾವಿಗೂ ದಂಡಸಂಹಿತೆಯಲ್ಲಿ ಪ್ರತ್ಯೇಕ ಸೆಕ್ಷನ್‌ಗಳು ಬಂದವು. 2024ರ ಜುಲೈನಿಂದ ಅವು ಭಾರತೀಯ ನ್ಯಾಯ ಸಂಹಿತೆಯಲ್ಲಿವೆ. ಸ್ತ್ರೀಧನ ಹೆಂಡತಿಯ ಸ್ವಂತ ಆಸ್ತಿ, ಗಂಡನ ಮನೆಯಲ್ಲಿದ್ದ ಮಾತ್ರಕ್ಕೆ ಅದು ಗಂಡನದಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1985ರಲ್ಲಿ ತೀರ್ಪಿತ್ತಿತು. ಪಾಕಿಸ್ತಾನ 1976ರಲ್ಲಿ, ಬಾಂಗ್ಲಾದೇಶ 1980ರಲ್ಲಿ ತಮ್ಮ ಕಾನೂನುಗಳನ್ನು ಮಾಡಿದವು.

ಫಲವೇನು? 1960ರಿಂದ 2008ರವರೆಗಿನ ಗ್ರಾಮೀಣ ಭಾರತದ ಸುಮಾರು 40,000 ಮದುವೆಗಳನ್ನು ಪರಿಶೀಲಿಸಿ 2021ರಲ್ಲಿ ವಿಶ್ವಬ್ಯಾಂಕಿನ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, ನೂರಕ್ಕೆ 95 ಮದುವೆಗಳಲ್ಲಿ ವರದಕ್ಷಿಣೆ ಸಂದಾಯವಾಗಿತ್ತು. ಎಲ್ಲ ಧರ್ಮದವರಲ್ಲೂ ಅದಿತ್ತು. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಪ್ರಕಾರ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ ದಾಖಲಾದ ವರದಕ್ಷಿಣೆ ಸಾವಿನ ಪ್ರಕರಣಗಳು 6,400ಕ್ಕೂ ಅಧಿಕ. ದಿನಕ್ಕೆ ಹದಿನೇಳಕ್ಕೂ ಹೆಚ್ಚು. ಸೋಲನನ ನಿಯಮಕ್ಕೆ, ವೆನಿಸ್ಸಿನ ಮಿತಿಗೆ ಆದದ್ದೇ ನಮ್ಮ ಕಾನೂನಿಗೂ ಆಯಿತೇ ಎಂಬ ನಿರಾಶೆ ಸಹಜ.

ಆದರೆ ಇತಿಹಾಸ ನಿರಾಶೆಯನ್ನಷ್ಟೇ ಹೇಳುವುದಿಲ್ಲ. ಮಗಳು ಹುಟ್ಟಿದಾಗಲೇ ಠೇವಣಿ ಇಡುತ್ತಿದ್ದ ಇಟಲಿಯಲ್ಲಿ ಇಂದು ವರದಕ್ಷಿಣೆಯಿಲ್ಲ. 1975ರ ಕುಟುಂಬ ಕಾನೂನು ಅದನ್ನು ರದ್ದುಮಾಡಿತು. ಸೋಲನನ ಗ್ರೀಸಿನಲ್ಲಿ 1983ರಲ್ಲಿ ರದ್ದಾಯಿತು. ಅಷ್ಟರಲ್ಲಿ ಅಲ್ಲಿನ ಹೆಣ್ಣುಮಕ್ಕಳು ಓದಿದ್ದರು, ಸ್ವಂತ ದುಡಿಮೆ ಕಂಡುಕೊಂಡಿದ್ದರು, ಆಸ್ತಿಯಲ್ಲಿ ಪಾಲು ಪಡೆದಿದ್ದರು. ಸಾಯುತ್ತಿದ್ದ ರೂಢಿಯ ಮೇಲೆ ಕಾನೂನು ಕೊನೆಯ ಮಣ್ಣು ಹಾಕಿತು. ಹುಡುಗಿಯರ ಸಂಖ್ಯೆ ಕುಸಿದ ಚೀನಾದ ಹಳ್ಳಿಗಳಲ್ಲಿ ಇಂದು ಗಂಡಿನ ತಂದೆತಾಯಿಯರು ವಧುಶುಲ್ಕಕ್ಕಾಗಿ ಸಾಲ ಮಾಡುತ್ತಿದ್ದಾರೆ. ಆ ತಕರಾರುಗಳಿಗೆ ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2024ರಲ್ಲಿ ಹೊಸ ನಿಯಮಗಳನ್ನು ತಂದಿದೆ. ದಿಕ್ಕು ಯಾವುದೂ ಶಾಶ್ವತವಲ್ಲ.

ಯಾರ ಕೈಗೆ?

ಇಷ್ಟು ದೂರ ಬಂದ ಮೇಲೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮದುವೆಯಲ್ಲಿ ಕೊಡುವವರು ಯಾರು ಎಂಬುದಕ್ಕಿಂತ, ಕೊಟ್ಟದ್ದು ಕೊನೆಗೆ ಯಾರ ಕೈಯಲ್ಲಿ ಉಳಿಯುತ್ತದೆ ಎಂಬುದೇ ಮುಖ್ಯ. ತೆರ ತಂದೆಯ ಕೈ ಸೇರಿತು, ಹೆಣ್ಣು ಮಾರಾಟವಾದಳು. ವರದಕ್ಷಿಣೆ ಮಾವನ ಕೈ ಸೇರಿತು, ಹೆಣ್ಣು ಹೊರೆಯಾದಳು. ಬ್ಯಾಬಿಲೋನಿನ ಶೆರಿಕ್ತು, ವಿಜ್ಞಾನೇಶ್ವರನ ಸ್ತ್ರೀಧನ, ಕುರ್‌ಆನಿನ ಮಹ್ರ್ ಬೇರೆ ಬೇರೆ ಲೋಕಗಳವು. ಆದರೆ ಮೂರೂ ಸಂಪತ್ತನ್ನು ಹೆಣ್ಣಿನದೆಂದು ಕರೆದವು. ಮೂರನ್ನೂ ಅವಳಿಂದ ಕಸಿದದ್ದು ರೂಢಿ.

'ಹಿಂದಿನಿಂದಲೂ ನಡೆದುಕೊಂಡು ಬಂದದ್ದು' ಎನ್ನುವವರಿಗೆ ನಾವು ಕೊಡಬಹುದಾದ ಉತ್ತರ ಸರಳ. ನಮ್ಮ ಎಷ್ಟೋ ಮನೆತನಗಳಲ್ಲಿ ಮುತ್ತಜ್ಜಿಯ ಮದುವೆಯಲ್ಲಿ ವರದಕ್ಷಿಣೆ ಎಂಬ ಮಾತೇ ಇರಲಿಲ್ಲ. ನಾಲ್ಕು ತಲೆಮಾರಿನಲ್ಲಿ ಬಂದದ್ದು ಒಂದು ತಲೆಮಾರಿನಲ್ಲಿ ಹೋಗಲಾರದೆಂದು ಯಾಕೆ ತಿಳಿಯಬೇಕು? ಹೆಣ್ಣುಮಕ್ಕಳಿಗೆ ತಂದೆಯ ಆಸ್ತಿಯಲ್ಲಿ ಪಾಲು ಹಿಂದೂ ಕಾನೂನಿನಲ್ಲಿ ಕರ್ನಾಟಕದಲ್ಲಿ 1994ರಲ್ಲೇ ಬಂತು, ದೇಶದಲ್ಲೆಲ್ಲ 2005ರಲ್ಲಿ. ಮುಸ್ಲಿಂ ಹೆಣ್ಣಿಗೆ ಕುರ್‌ಆನ್ ಅದನ್ನು ಹದಿನಾಲ್ಕು ಶತಮಾನಗಳ ಹಿಂದೆಯೇ ನಿಗದಿಪಡಿಸಿದೆ. ಆ ಪಾಲನ್ನು ಕೊಡದೆ 'ಮದುವೆಗೆ ಖರ್ಚು ಮಾಡಿದ್ದೇವಲ್ಲ' ಎಂದು ಕೈತೊಳೆದುಕೊಳ್ಳುವ ಅಣ್ಣತಮ್ಮಂದಿರು ಎಲ್ಲ ಧರ್ಮಗಳಲ್ಲೂ ಇದ್ದಾರೆ.

ಮುಂದಿನ ಸಲ ನಿಕಾಹ್‌ನ ಸಭೆಯಲ್ಲೋ ಧಾರೆಯ ಮಂಟಪದಲ್ಲೋ ಕುಳಿತಾಗ ನಾವು ಮನಸ್ಸಿನಲ್ಲಾದರೂ ಒಂದು ಪ್ರಶ್ನೆ ಕೇಳಿಕೊಳ್ಳೋಣ: ಇಂದು ಇಲ್ಲಿ ಕೈ ಬದಲಿಸಿದ್ದರಲ್ಲಿ ಆ ಹುಡುಗಿಯ ಕೈಗೆ ಬಂದದ್ದೆಷ್ಟು? ಉತ್ತರ ಹೇಳಲು ಮುಜುಗರವಾದರೆ, ಊಟಕ್ಕೆ ಕೂರುವ ಮುನ್ನ ನಮ್ಮ ಮನೆಯ ಮುಂದಿನ ಮದುವೆಯ ಬಗ್ಗೆ ಒಂದು ತೀರ್ಮಾನ ಮಾಡಿಕೊಳ್ಳಬಹುದು.